ಮೆಹಂದಿ ಬೆರಳಿನ ಎಂಬತ್ತಾರು

ನಾನು ಬೆರಳು ಕಚ್ಚುವ ಪುಟ್ಟ ಆಕ್ಸಿಮೀಟರ್. ರಕ್ತದಲ್ಲಿ ಆಮ್ಲಜನಕ ಎಷ್ಟಿದೆಯೆಂದು ಹೇಳುವುದಷ್ಟೇ ನನ್ನ ಕೆಲಸ. ಕಾರ್ಖಾನೆಯಲ್ಲಿ ಹುಟ್ಟಿದ ದಿನವೇ ನಾಲ್ಕಾರು ಬೆರಳಿಗೆ ಹಾಕಿ ಪರೀಕ್ಷಿಸಿ ನನ್ನನ್ನು ಡಬ್ಬಿಗೆ ತುಂಬಿದರು.

ಕೊರೊನಾ ಕಾಲದಲ್ಲಿ ಗದಗಿನ ಬಟ್ಟೆ ವ್ಯಾಪಾರಿಯೊಬ್ಬರು ನನ್ನನ್ನು ಕೊಂಡರು. ಆಗ ನನ್ನ ಗತ್ತೇ ಬೇರೆ. ನಾನು ತೊಂಬತ್ತೈದು ಎಂದರೆ ಸಾಕು, ಮನೆಮಂದಿಯೆಲ್ಲ ದೇವರ ಕೋಣೆಗೆ ಓಡುತ್ತಿದ್ದರು. ರೋಗ ಹೋದ ಮೇಲೆ ನಾನು ಬೇಡವಾದೆ. ಶಾಲು ಹೊದಿಸಿಕೊಂಡು, ಫೋಟೊ ತೆಗೆಸಿಕೊಂಡು ನನ್ನನ್ನು ಸಣ್ಣ ಆಸ್ಪತ್ರೆಯೊಂದಕ್ಕೆ ದಾನ ಮಾಡಿದರು.

ಅಲ್ಲಿಗೆ ಬಂದವಳು ಕಸ್ತೂರೆವ್ವ. ತಂಗಿಯ ಮದುವೆ ಮುಗಿಸಿದ ಮರುದಿನವೇ ಹೊಟ್ಟೆನೋವು. ಪಿತ್ತದ ಕಲ್ಲು ನಾಳಕ್ಕೆ ಸಿಕ್ಕಿ ಮೇದೋಜೀರಕ ಗ್ರಂಥಿ ಊದಿಕೊಂಡಿತ್ತು. ಡಾಕ್ಟರು ಸಿಸ್ಟರ್ ರೋಹಿಣಿಗೆ ಹೇಳಿದರು: "ಈ ಬ್ಯಾನಿ ಶ್ವಾಸಕೋಶಕ್ಕ ಇಳೀತೈತಿ. ತೊಂಬತ್ತರ ಕೆಳಗ ಬಂತಂದ್ರ ತಡಾ ಮಾಡಬ್ಯಾಡ್ರಿ, ನನಗ ಫೋನ್ ಮಾಡ್ರಿ. ಹುಬ್ಬಳ್ಳಿಗೆ ಕಳಸೂಣು."

ಮೂರನೆಯ ಬೆಳಿಗ್ಗೆ ಅವಳು ಎದ್ದು ಕುಳಿತು ಏದುತ್ತಿದ್ದಳು. ನಾನು ಎಂಬತ್ತಾರು ತೋರಿಸಿದೆ.

"ಉಗುರತನಕ ಮೆಹಂದಿ ಹಚ್ಚಿಕೊಂಡಾರ, ಅದಕ್ಕ ಹಿಂಗ ತೋರಸ್ತೈತಿ," ಎಂದರು ಸಿಸ್ಟರ್. ಹಿಂದಿನ ವಾರ ಸುಮ್ಮನೆ ಫೋನ್ ಮಾಡಿದಿರೆಂದು ಡಾಕ್ಟರರಿಂದ ಬೈಸಿಕೊಂಡಿದ್ದರು, ಆ ಭಯವೂ ಇತ್ತು. ಚಾರ್ಟಿನಲ್ಲಿ ತೊಂಬತ್ತಾರು ಎಂದು ಬರೆದರು. ಕಸ್ತೂರೆವ್ವನ ಬಣ್ಣವಿಲ್ಲದ ಹತ್ತು ಕಾಲ್ಬೆರಳುಗಳು ಚಾದರದ ಹೊರಗೇ ಇದ್ದವು. ಆ ಸಿಸ್ಟರ್ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

"ಆಕಿಗೆ ಭಾಳ ದಮ್ಮು ಹತ್ತೈತ್ರಿ ಸಿಸ್ಟರ್," ಎಂದ ಗಂಡ ಗುರುಶಿದ್ದಪ್ಪ.

"ಬೆರಳಿನ ಬಣ್ಣಾ ಮೊದಲು ತೆಗೀರಿ. ಆಮ್ಯಾಲೆ ನೋಡೂಣು."

ಅವನು ನಿಂಬೆಹೋಳು, ಸೋಪು, ಕಡೆಗೆ ತೆಂಗಿನ ನಾರು ತಂದ. ಅವಳು ಉಸಿರಿಗಾಗಿ ಬಾಯಿ ತೆರೆಯುತ್ತಿದ್ದರೆ ಇವನು ತೋರುಬೆರಳನ್ನು ಉಜ್ಜುತ್ತಲೇ ಇದ್ದ. ಚರ್ಮ ಸುಲಿದು ರಕ್ತ ಬಂತು, ಬಣ್ಣ ಹೋಗಲಿಲ್ಲ.

ಮಧ್ಯಾಹ್ನ ಡಾಕ್ಟರು ಬಂದು ಅವಳ ನೀಲಿ ತುಟಿ ಕಂಡವರೇ ನನ್ನನ್ನು ಕಾಲ್ಬೆರಳಿಗೆ ಹಾಕಿದರು. ಅರವತ್ತೆಂಟು. ತಮ್ಮ ಬೆರಳಿಗೆ ಹಾಕಿಕೊಂಡರು. ತೊಂಬತ್ತೆಂಟು. ಆಮೇಲೆ ಚಾರ್ಟು ನೋಡಿದರು.

ಹುಬ್ಬಳ್ಳಿ ಮುಟ್ಟುವ ಮೊದಲೇ ಅವಳು ತೀರಿಹೋದಳು.

ವಿಚಾರಣೆಯಲ್ಲಿ ಮೀಟರು ಕೆಟ್ಟಿತ್ತೆಂದು ಡಾಕ್ಟರು, ಸಿಸ್ಟರ್ ಇಬ್ಬರೂ ಸಹಿ ಹಾಕಿದರು. ನನ್ನ ಮೇಲೆ ಪ್ಲಾಸ್ಟರು ಸುತ್ತಿ ಮೇಜಿನ ಡ್ರಾಯರಿಗೆ ಎಸೆದರು. ಈಗ ನನ್ನ ಬ್ಯಾಟರಿಯೂ ಸೋರಿ ಕಿಲುಬುಗಟ್ಟಿದೆ.

ತಿಂಗಳಾದ ಮೇಲೆ ಗುರುಶಿದ್ದಪ್ಪ ಕಾಗದಪತ್ರಕ್ಕೆಂದು ಬಂದಿದ್ದ. ನನ್ನ ತಲೆಯ ಮೇಲಿನ ಮೇಜಿಗೆ ಕೈಯೂರಿ ಹೇಳಿದ: "ನಂದ ತಪ್ಪ ಆತ್ರಿ ಸಿಸ್ಟರ್. ಇನ್ನೊಂಚೂರು ಗಟ್ಟಿಯಾಗಿ ತಿಕ್ಕಿದ್ರ ಬಣ್ಣಾ ಹೋಗತಿತ್ತು."

ಸಿಸ್ಟರ್ ಹೂಂ ಎಂದರು.