ಹುಳಿ ಮಣ್ಣಿನ ಜೇಕು

ಜೇಕಿನ ದಂಟನ್ನು ಎರಡು ಬೆರಳುಗಳ ನಡುವೆ ಹೊರಳಿಸಿದರೆ ಅದರ ಮೂರು ಅಂಚುಗಳು ಒಂದಾದ ಮೇಲೊಂದರಂತೆ ಚರ್ಮಕ್ಕೆ ತಾಗುತ್ತವೆ. ಹುಲ್ಲಿನ ದಂಟು ಸುಮ್ಮನೆ ಜಾರಿಹೋಗುತ್ತದೆ, ಜೇಕು ಹಾಗಲ್ಲ. ಅಮ್ಮ ದಿನವೂ ಹಿತ್ತಿಲಿಗೆ ಹೋಗಿ ಒಂದು ದಂಟನ್ನು ಹೀಗೆ ಹೊರಳಿಸಿ ನೋಡುತ್ತಿದ್ದಳು. ಅಂಚು ಗಡುಸಾದರೆ ಕೊಯ್ಯಬಹುದು.

ನಮ್ಮ ಊರಿನಲ್ಲಿ ಚೊಚ್ಚಲ ಮಗುವನ್ನು ಹೆಸರಿಡುವ ದಿನ ತವರಿನವರು ಹೆಣೆದ ಜೇಕಿನ ಚಾಪೆಯ ಮೇಲೆ ಮಲಗಿಸುವ ರೂಢಿಯಿತ್ತು. ಊರಾಚೆಯ ಜವುಗಿಗೆ ಮಣ್ಣು ತುಂಬಿದ ಮೇಲೆ ಜೇಕು ಸಿಗದಾಯಿತು. ಅಕ್ಕ ಬಸುರಿಯೆಂದು ತಿಳಿದ ದಿನವೇ ಅಮ್ಮ ಅಲ್ಲಿ ಅಳಿದುಳಿದ ಬುಡಗಳನ್ನು ಕಿತ್ತು ತಂದು ನೆಟ್ಟಳು. ನಮ್ಮ ಹಿತ್ತಿಲು ಸದಾ ಒದ್ದೆ. ಕಾಲಿಟ್ಟಲ್ಲಿ ಚಹಾದ ಬಣ್ಣದ ನೀರು ಜಿನುಗುತ್ತಿತ್ತು. ಮಣ್ಣೂ ಹುಳಿ. ಕರಿಬೇವು, ದಾಸವಾಳ ಯಾವುದೂ ಅಲ್ಲಿ ಬದುಕಿರಲಿಲ್ಲ. ಜೇಕು ಮಾತ್ರ ತನ್ನ ಮನೆಗೆ ಬಂದಂತೆ ಬೇರೂರಿತು.

ಪಕ್ಕದ ಮನೆಯ ಚಂಪಕ್ಕ ಬೇಲಿಯಾಚೆ ಬಟ್ಟೆ ಒಗೆಯುತ್ತಾ ನಗುತ್ತಿದ್ದಳು. "ಹುಲ್ಲಿಗೆ ಇಷ್ಟು ಉಪಚಾರನಾ ವಾರಿಜಾ? ಹಾಗೇ ಒಂದು ಎಮ್ಮೆನೂ ಕಟ್ಟಿಬಿಡು, ಹಾಲಾದ್ರೂ ಸಿಗುತ್ತೆ."

"ಎಮ್ಮೆ ಯಾಕೆ ಚಂಪಕ್ಕ, ನೀನಿದ್ದೀಯಲ್ಲ ಮೇಯೋಕೆ!"

ಅಷ್ಟು ಸಲುಗೆ ಅವರಿಬ್ಬರದು.

ಅಕ್ಕ ಹೆರಿಗೆಗೆ ಬಂದಳು. ಚಿಕ್ಕಪ್ಪನ ಮನೆಯಲ್ಲಿದ್ದ ಅಜ್ಜಿಯೂ ಮರಿಮಗುವನ್ನು ನೋಡಲೆಂದು ಬಂದಳು. ಆ ದಿನಗಳಲ್ಲೇ ಜೇಕಿನ ತುದಿಗಳು ಹಳದಿಯಾಗತೊಡಗಿದವು. ಅಮ್ಮ ದಂಟು ಹೊರಳಿಸಿದರೆ ಅಂಚುಗಳು ಬೆರಳಲ್ಲೇ ಮೆತ್ತಗೆ ಕುಸಿಯುತ್ತಿದ್ದವು. ಚಂಪಕ್ಕನ ಬಚ್ಚಲಿನ ನೀರು ಬೇಲಿಯಡಿಯಿಂದ ನಮ್ಮತ್ತ ಹರಿದ ಗುರುತು ಅಮ್ಮನ ಕಣ್ಣಿಗೆ ಬಿತ್ತು.

"ಬಟ್ಟೆ ಒಗೆದ ಸೋಡಾ ನೀರು ಬಿಟ್ಟಿದ್ದಾಳೆ. ಮಣ್ಣಿನ ಹುಳಿ ಮುರಿದ್ರೆ ಜೇಕು ಉಳಿಯುತ್ತಾ?"

ಮರುದಿನ ಬೀದಿಯ ನಲ್ಲಿಯ ಬಳಿ, ಕೊಡ ಹಿಡಿದು ನಿಂತ ಹೆಂಗಸರೆಲ್ಲರ ಮುಂದೆ, ಅಮ್ಮ ಅವಳ ಮೇಲೆ ಹರಿಹಾಯ್ದಳು. ಚಂಪಕ್ಕ ಮೊದಲು ತಮಾಷೆಯೆಂದೇ ತಿಳಿದು ನಕ್ಕಳು. ಆ ನಗುವೇ ಅಮ್ಮನನ್ನು ಕೆರಳಿಸಿತು.

"ನಗು, ನಗು. ನನ್ನ ಮೊಮ್ಮಗು ಬರೀ ನೆಲದ ಮೇಲೆ ಮಲಗಿದ್ರೆ ನಿನಗೇನು? ಒಂದು ಹೆತ್ತಿದ್ರೆ ಗೊತ್ತಾಗ್ತಿತ್ತು."

ಚಂಪಕ್ಕ ಅರ್ಧ ತುಂಬಿದ ಕೊಡವನ್ನೇ ಎತ್ತಿಕೊಂಡು ಹೋದಳು. ಸಂಜೆ ಹಾರೆಯ ಸದ್ದು ಕೇಳಿ ಬೇಲಿಯಾಚೆ ನೋಡಿದೆ. ಚಂಪಕ್ಕ ಒಬ್ಬಳೇ ಬಾಗಿ ತನ್ನ ಬಚ್ಚಲಿನ ಕಾಲುವೆಯನ್ನು ಇನ್ನೊಂದು ದಿಕ್ಕಿಗೆ ತಿರುಗಿಸುತ್ತಿದ್ದಳು.

ಆದರೂ ಜೇಕು ಬಾಡುತ್ತಲೇ ಹೋಯಿತು.

ಒಂದು ಬೆಳಗ್ಗೆ ಅಮ್ಮ, ನಾನು ಹಿತ್ತಿಲ ಬಾಗಿಲು ತೆರೆದಾಗ ಅಜ್ಜಿ ಜೇಕಿನ ನಡುವೆ ಕುಕ್ಕರಗಾಲಲ್ಲಿ ಕೂತಿದ್ದಳು. ಮಡಿಲಲ್ಲಿ ಮೊರ, ಮೊರದ ತುಂಬ ಒಲೆಯ ಬೂದಿ. ಒಂದೊಂದೇ ಬುಡಕ್ಕೆ ಹಿಡಿ ಹಿಡಿಯಾಗಿ ಹಾಕಿ, ಕಂದನನ್ನು ತಟ್ಟುವಂತೆ ತಟ್ಟುತ್ತಿದ್ದಳು. ಬಯಲುಸೀಮೆಯಲ್ಲಿ ಬಾಳಿದವಳು, ಅಲ್ಲಿ ಎಲ್ಲ ಗಿಡಕ್ಕೂ ಬೂದಿಯೇ ಗೊಬ್ಬರ.

"ಎದ್ಯಾ ವಾರಿಜಾ? ಬಂದಾಗಿನಿಂದ ದಿನಾ ಹಾಕ್ತಿದೀನಿ. ಸೊರಗಿದೆ ಅಂತ ನೀನು ಕೊರಗ್ತೀಯಲ್ಲ, ಅದಕ್ಕೆ ಈಗೀಗ ಜಾಸ್ತಿನೇ ಹಾಕ್ತೀನಿ. ಮರಿಮಗೂಗೆ ನನ್ನ ಕೈಯಿಂದ ಇನ್ನೇನಾಗುತ್ತೆ ಹೇಳು."

ಬೂದಿ ಬಿದ್ದರೂ ಮಣ್ಣಿನ ಹುಳಿ ಮುರಿಯುತ್ತದೆ. ಅಮ್ಮ ಬಳಿಗೆ ಹೋಗಿ ಅತ್ತೆಯ ತೋಳು ಹಿಡಿದು ಎಬ್ಬಿಸಿದಳು. "ಸಾಕು ಅತ್ತೆ. ಇನ್ಮೇಲೆ ಬೂದಿ ನನಗೆ ಕೊಡಿ, ಪಾತ್ರೆ ತಿಕ್ಕೋಕೆ ಬೇಕು."

ಆಮೇಲೆ ಅಮ್ಮ ನಲ್ಲಿಗೆ ಹೋಗುವುದನ್ನೇ ಬಿಟ್ಟಳು. ಚಂಪಕ್ಕನ ಬಾಗಿಲ ಸದ್ದಾದರೆ ಒಳಗೆ ಸರಿಯುತ್ತಿದ್ದಳು. ಅಕ್ಕನಿಗೆ ಹೆಣ್ಣು ಮಗು ಹುಟ್ಟಿತು. ಹೆಸರಿಡುವ ದಿನ ಅಮ್ಮ ತನ್ನ ಹಳೆಯ ಸೀರೆಯನ್ನು ಮಡಿಸಿ ಹಾಸಿದಳು. ಚಾಪೆಯೆಲ್ಲಿ ಎಂದು ಬೀಗಿತಿ ಕೇಳಿದಾಗ, "ನನ್ನಿಂದ ಆಗಲಿಲ್ಲ" ಎಂದಳು.

ಅದರ ಮರುದಿನ ಕೊಡ ತೆಗೆದುಕೊಂಡು, "ಬಾ, ನೀರಿಗೆ ಹೋಗೋಣ" ಎಂದು ನನ್ನನ್ನು ಕರೆದಳು.

ನಲ್ಲಿಯ ಬಳಿ ಹೆಂಗಸರು ಸಾಲುಗಟ್ಟಿ ನಿಂತಿದ್ದರು. ಚಂಪಕ್ಕನೂ ಅಲ್ಲಿದ್ದಳು. ಅಮ್ಮ ಕೊಡವನ್ನು ಕೆಳಗಿಟ್ಟು ನಲ್ಲಿ ತಿರುಗಿಸಿದಳು.

"ಚಂಪಕ್ಕ, ಜೇಕು ಸತ್ತದ್ದು ನಿನ್ನ ನೀರಿನಿಂದ ಅಲ್ಲ, ನಮ್ಮನೆ ಒಲೆ ಬೂದಿಯಿಂದ. ನಾನೇ ಹಾಕಿದ್ದು."

ಅಜ್ಜಿಯ ಹೆಸರನ್ನು ಅವಳು ಎತ್ತಲಿಲ್ಲ. ಚಂಪಕ್ಕ ತನ್ನ ಕೊಡವನ್ನು ಕೆಳಗಿಟ್ಟಳು.

"ಜೇಕಿನ ಮಾತು ಹೋಗಲಿ ಬಿಡು, ವಾರಿಜಾ. ಅವತ್ತು ಇನ್ನೊಂದು ಮಾತು ಆಡಿದೆಯಲ್ಲ, ಅದು ಯಾವ ಒಲೆಯದು?"

ಅಮ್ಮನ ಪಕ್ಕದಲ್ಲಿ ನಿಂತ ನನಗೆ ಅವಳ ಮಗಳೆನ್ನಿಸಿಕೊಳ್ಳಲು ನಾಚಿಕೆಯಾಯಿತು. ಹಾಗನ್ನಿಸಿತಲ್ಲ ಎಂದು ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಕೊಡ ತುಂಬಿತು. ತುಂಬಿ ಉಕ್ಕಿ ಅಮ್ಮನ ಪಾದಗಳ ಮೇಲೆ ಹರಿಯತೊಡಗಿತು. ಅವಳು ಕದಲಲಿಲ್ಲ, ಯಾರ ಕೈಯೂ ಮುಂದೆ ಬರಲಿಲ್ಲ.

ಕೊನೆಗೆ ಚಂಪಕ್ಕನೇ ಬಾಗಿ ನಲ್ಲಿ ನಿಲ್ಲಿಸಿದಳು.