ಬೀದಿ ದೀಪದಡಿ ಓದದ ಚೈತ್ರಾ

೧. ಹೇಗೆ ಶುರು ಮಾಡಲಿ? 'ಬೀದಿ ದೀಪದ ಕೆಳಗೆ ಓದುತ್ತಿದ್ದ ಆ ಬಡ ಹುಡುಗಿ...' ಎಂದು ಬರೆದು, ಚೈತ್ರಾಗೆ ಫೋನಿನಲ್ಲಿ ಓದಿದೆ. ಅವಳು ಹರಿಹರದ ಒಂದು ಪಂಪ್ ಕಾರ್ಖಾನೆಯಲ್ಲಿ ಎಂಜಿನಿಯರ್. ಕಥೆ ಅವಳದೇ.

"ಬೀದಿ ದೀಪ ಯಾಕ್ರೀ ಸಾರ್? ದಾವಣಗೆರೆ ವಿನೋಬನಗರದ ನಮ್ಮನೇಲಿ ಕರೆಂಟ್ ಇತ್ತು. ಕಾಲು ಚಾಚೋಕೆ ಜಾಗ ಇರ್ಲಿಲ್ಲ, ಅಷ್ಟೇ."

(ದೀಪ ಆರಿಸಿದೆ. ಒಳ್ಳೆಯ ವಾಕ್ಯವೊಂದು ಹೋಯಿತು.)

೨. ಸರಿ, ನಡೆದದ್ದನ್ನೇ ಹೇಳುತ್ತೇನೆ. ಅವಳ ತಾಯಿ ನಾಗರತ್ನಮ್ಮ ಅಲ್ಲಿನ ಮಂಡಕ್ಕಿ ಹುರಿಯುವ ಭಟ್ಟಿಯಲ್ಲಿ ಹೊಗೆ ಕುಡಿದು ದುಡಿದವರು. ಮಗಳು ಮೆಕ್ಯಾನಿಕಲ್ ಡಿಪ್ಲೊಮಾ ಸೇರಿದಾಗ ನೆಂಟರು, "ಕೈಗೆ ಗ್ರೀಸ್ ಹತ್ತಿದ ಹುಡುಗೀನ ಯಾರು ಮಾಡ್ಕೊಂತಾರೆ?" ಎಂದರು.

"ಸೋಪು ಐತೆ ಬಿಡ್ರಿ," ಎಂದರು ನಾಗರತ್ನಮ್ಮ.

ಆಮೇಲೆ ಹಗಲು ಕೆಲಸ, ಸಂಜೆ ಕಾಲೇಜು. ಚೈತ್ರಾ ಬಿ.ಇ. ಮುಗಿಸಿದಳು.

೩. (ಇಲ್ಲಿ ಸುಖಾಂತ್ಯ ಬರಬೇಕಿತ್ತು.) ಬಂದದ್ದು ಕಾರ್ಖಾನೆಯ ವಾರ್ಷಿಕೋತ್ಸವ. ಮ್ಯಾನೇಜರ್ ಬಕ್ಕೇಶ್ ಚೈತ್ರಾಳನ್ನು ಕರೆಸಿದರು. "ನಿಮ್ಮ ತಾಯೀನ ಸ್ಟೇಜಿಗೆ ಕರ್ಕಂಬಾರಮ್ಮ. ಹಳೇ ಸೀರೇಲೇ ಬರ್ಲಿ. ಕಂಪನಿ ಬದುಕು ಕೊಡ್ತು ಅಂತ ಎರಡು ಮಾತಾಡು. ಸ್ವಲ್ಪ ಅತ್ರೆ ವಿಡಿಯೋ ಚೆಂದ ಬರ್ತೈತೆ."

ಅವಳಿಂದ ಕೆಲಸ ಕಲಿತ ಗಂಡಸರು ಅವಳನ್ನು ದಾಟಿ ಸೀನಿಯರ್ ಆಗಿದ್ದರು. ಅವಳು ಕೇಳಿದಾಗಲೆಲ್ಲ, "ಮುಂದೆ ನೋಡಾಣ" ಎಂದವರೂ ಇದೇ ಬಕ್ಕೇಶ್.

(ನಾನೂ ಕಥೆಯಲ್ಲಿ ಅವಳನ್ನು ಅಳಿಸಲು ನೋಡಿದೆ. ಅಳಲಿಲ್ಲ.)

೪. ನಾಗರತ್ನಮ್ಮ ರೇಷ್ಮೆ ಸೀರೆ ಉಟ್ಟು ಬಂದು ಕೊನೆಯ ಸಾಲಿನಲ್ಲಿ ಕೂತರು. ಸ್ಟೇಜ್ ಹತ್ತಲಿಲ್ಲ. ಚೈತ್ರಾ ಮೈಕ್ ಹಿಡಿದಳು.

"ಬದುಕು ಕೊಟ್ಟೋಳು ನಮ್ಮವ್ವ. ಕಂಪನಿ ಕೊಟ್ಟಿದ್ದು ಕೆಲಸ, ಅದನ್ನ ನೆಟ್ಟಗೆ ಮಾಡಿದೀನಿ. ನಾನು ಕಲಿಸಿದೋರೆಲ್ಲ ಸೀನಿಯರ್ ಆದ್ರು. ನಾನ್ಯಾಕ ಆಗಲಿಲ್ಲ, ಬಕ್ಕೇಶ್ ಸಾರ್?"

ಹಿಂದಿನಿಂದ ನಾಗರತ್ನಮ್ಮ ಕೂಗಿದರು: "ಮೈಕ್ ಹತ್ರ ಹಿಡ್ಕಳೇ, ಇಲ್ಲಿಗೆ ಸರಿಯಾಗಿ ಕೇಳ್ತಿಲ್ಲ!"

ಚೈತ್ರಾ ಹತ್ತಿರ ಹಿಡಿದು ಇನ್ನೊಮ್ಮೆ ಕೇಳಿದಳು.

೫. ನಾನು ಬರೆದ ಮೊದಲ ಅಂತ್ಯ: ಪ್ರಮೋಷನ್. ಎರಡನೆಯದು: ಕೆಲಸವೇ ಹೋಯಿತು. ನಿಜಕ್ಕೂ ಆದದ್ದು, ಮರುದಿನ ಅವಳನ್ನು ಸಾಮಾನು ಲೆಕ್ಕ ಬರೆಯುವ ಸ್ಟೋರ್ಸಿಗೆ ಹಾಕಿದರು. ಅವಳು ಅಲ್ಲಿಗೆ ಹೋಗದೆ ಎಂದಿನ ಶೆಡ್ಡಿಗೇ ಹೋದಳು. ಊಟದ ಹೊತ್ತಿಗೆ ರೇಖಾ ಎಂಬ ಹೊಸ ಎಂಜಿನಿಯರ್ ಬಂದು, "ಅಕ್ಕಾ, ನಾನೂ ಕೇಳ್ಬೇಕು ಅಂತಿದೀನಿ" ಎಂದಳಂತೆ.

"ಯಾವ ಅಂತ್ಯ ಇಡಲಮ್ಮ?" ಎಂದೆ.

"ಯಾವುದೂ ಬ್ಯಾಡ್ರಿ. ಸಾಹೇಬ್ರು ಇನ್ನೂ ಉತ್ತರಾನೇ ಕೊಟ್ಟಿಲ್ಲ. ತಡೀರಿ, ಅವ್ರ ಬಾಗಿಲಲ್ಲೇ ಇದೀವಿ, ನಾನೂ ರೇಖಾನೂ."

ಫೋನ್ ಇಡುವುದನ್ನು ಮರೆತಳು. "ಒಳಗೆ ಬರ್ಲಾ ಸಾರ್?" ಎಂದದ್ದು ಕೇಳಿಸಿತು. ಉತ್ತರ ಬರುವ ಮೊದಲೇ ಬಾಗಿಲು ತಳ್ಳಿದ ಸದ್ದಾಯಿತು.