ಮೇಸ್ತ್ರಿಯ ಮೂಗು

ಹೊಗೆ ಕಣ್ಣಿಗೆ ಬಿದ್ದ ಮೇಲೆಯೇ ಮೇಸ್ತ್ರಿಗೆ ಗೊತ್ತಾದದ್ದು, ಒಲೆಯೊಳಗಿನ ಬ್ರೆಡ್ಡೆಲ್ಲ ಸೀದು ಕರಕಲಾಗಿದೆ ಎಂದು. ಒಲೆಯಿಂದ ಮಾರು ದೂರದಲ್ಲಿ ನಿಂತಿದ್ದ ಮನುಷ್ಯ! ಬನ್ನಿಗೆ ಉಂಡೆ ಕಟ್ಟುತ್ತಿದ್ದವರೆಲ್ಲ ಕೈ ನಿಲ್ಲಿಸಿ ಅವನತ್ತ ನೋಡಿದರು, ಆಮೇಲೆ ನೆಲ ನೋಡಿದರು.

ಆ ಬೇಕರಿಯಲ್ಲಿ ಗಡಿಯಾರವಿದ್ದರೂ ಯಾರೂ ಅದನ್ನು ಲೆಕ್ಕಕ್ಕಿಟ್ಟಿರಲಿಲ್ಲ. ಮೇಸ್ತ್ರಿ ಮೂಗರಳಿಸಿ "ತೆಗೀರಿ" ಎಂದರೆ ಬ್ರೆಡ್ಡು ಬೆಂದಿದೆ ಎಂದರ್ಥ. ಆ ಮೂಗು ಎಂದೂ ಕೈಕೊಟ್ಟಿರಲಿಲ್ಲ, ಅದನ್ನು ಹೇಳಿಕೊಳ್ಳಲು ಮೇಸ್ತ್ರಿ ಸಂಕೋಚಪಟ್ಟವನೂ ಅಲ್ಲ. ಹೋದ ತಿಂಗಳು ಜ್ವರ ಬಂದು ಹೋಯಿತು. ಹೋಗುವಾಗ ವಾಸನೆಯನ್ನೂ ಕರೆದುಕೊಂಡು ಹೋಯಿತು. ಬೆಳ್ಳುಳ್ಳಿ ಜಜ್ಜಿ ಮೂಗಿಗೆ ಹಿಡಿದು ನೋಡಿದ. ಡಾಕ್ಟರು "ಬಂದ್ರೆ ಬರಬಹುದು" ಎಂದು ಕೈಚೆಲ್ಲಿದರು. ಅವರನ್ನೂ ಹೆಂಡತಿಯನ್ನೂ ಬಿಟ್ಟರೆ ಯಾರ ಮುಂದೆಯೂ ಅವನು ಬಾಯಿಬಿಡಲಿಲ್ಲ. ಅಂದಾಜಿನ ಮೇಲೆ "ತೆಗೀರಿ" ಎನ್ನುತ್ತಿದ್ದ, ಅಂದಾಜು ಸರಿಹೋಗುತ್ತಿತ್ತು. ಮೂಗು ಹೋದರೇನು, ಅನುಭವ ಎಲ್ಲಿ ಹೋದೀತು ಎಂದು ಒಳಗೊಳಗೇ ಬೀಗಿದ್ದೂ ಉಂಟು.

ಹೊಗೆ ಕಂಡು ಮುಂಭಾಗದ ಅಂಗಡಿಯಿಂದ ಬೇಕರಿಯ ಸಾಹುಕಾರರು ಧಾವಿಸಿ ಬಂದರು. "ಒಲೆ ಹತ್ರ ಯಾರಿದ್ರು?"

ಮೇಸ್ತ್ರಿಯ ಬಾಯಿಂದ ಮಾತು ತಾನಾಗಿ ಜಾರಿತು. "ಹಿಟ್ಟು ನಾದೋಳು ಇದ್ಲು. ಹೇಳ್ದೆ ಕೇಳ್ದೆ ಎಲ್ಲೋ ಹೋಗಿದಾಳೆ."

ಅಷ್ಟರಲ್ಲಿ ಅವಳೇ ಉಗ್ರಾಣದಿಂದ ಮೈದಾ ಮೂಟೆ ಎಳೆದುಕೊಂಡು ಬಂದಳು. ಮಾತು ಕಡಿಮೆಯೆಂದು ಎಲ್ಲರೂ ಅವಳನ್ನು ಮೌನಗೌರಿ ಎಂದು ಛೇಡಿಸುತ್ತಿದ್ದರು.

"ನಾಳೆಯಿಂದ ಬರ್ಬೇಡ," ಎಂದರು ಸಾಹುಕಾರರು.

ಅವಳು ಮೇಸ್ತ್ರಿಯ ಮುಖ ನೋಡಿದಳು. ಮೂಟೆ ತರಲು ಕಳಿಸಿದವನು ಅವನೇ. ಅವಳು ಏಪ್ರನ್ನಿನ ಗಂಟು ಬಿಚ್ಚತೊಡಗಿದಳು.

ಬನ್ನಿನ ಮೇಜಿನಿಂದ ಮುದುಕನೊಬ್ಬ ಗೊಣಗಿದ. "ಇಷ್ಟು ದಿನ ಬ್ರೆಡ್ಡು ಉಳಿದಿದ್ದೇ ಅವಳಿಂದ. ಹದ ಬಂದ ಕೂಡ್ಲೇ ಖಾಲಿ ಟ್ರೇನ ಮೇಜಿನ ಮೇಲೆ ಧಡ್ ಅಂತ ಇಡ್ತಿದ್ಲಲ್ಲ ಮೇಸ್ತ್ರಿ, ಕೇಳಿಸ್ತಿರ್ಲಿಲ್ವಾ ನಿಮ್ಗೆ?"

ಕೇಳಿಸುತ್ತಿತ್ತು. ದಿನವೂ ಕೇಳಿಸುತ್ತಿತ್ತು. ತನ್ನ ಅಂದಾಜು ಎಂದುಕೊಂಡಿದ್ದೆಲ್ಲ ಆ ಸದ್ದು! ನಿಂತ ನೆಲ ಬಾಯ್ಬಿಡಬಾರದೇ ಎನ್ನಿಸಿತು ಅವನಿಗೆ.

"ಸಾಹುಕಾರ್ರೇ, ಅವಳನ್ನ ಕಳಿಸಿದ್ದು ನಾನೇ. ಸೀದಿದ್ದು ನನ್ನಿಂದ. ನಂಗೆ ವಾಸನೆ ಗೊತ್ತಾಗ್ತಿಲ್ಲ, ತಿಂಗಳಾಯ್ತು."

ಯಾರ ಮುಖದಲ್ಲೂ ಆಶ್ಚರ್ಯ ಕಾಣಲಿಲ್ಲ. ಗುಟ್ಟೆಂದು ಅವನು ಬಚ್ಚಿಟ್ಟದ್ದು ಎಲ್ಲರಿಗೂ ಗೊತ್ತಿತ್ತು. ಅವನ ಮರ್ಯಾದೆಗೆಂದು ಸುಮ್ಮನಿದ್ದರು, ಅಷ್ಟೆ.

ಸಾಹುಕಾರರು ಅವನ ತೋಳು ಹಿಡಿದು ಪಕ್ಕಕ್ಕೆಳೆದರು. "ಮೆತ್ತಗೆ ಮಾತಾಡಯ್ಯ. ಇವರ ಮುಂದೆ ಹೀಗಂದ್ರೆ ನಾಳೆ ನಿನ್ ಮಾತು ಯಾರು ಕೇಳ್ತಾರೆ? ಅವಳು ಹೋಗ್ಲಿ, ನೀನು ಸುಮ್ನಿರು."

"ಅವಳು ಹೋದ್ರೆ ನಾನು ಯಾರನ್ನ ಕೇಳ್ಲಿ?" ಎಂದ ಮೇಸ್ತ್ರಿ.

ಸಾಹುಕಾರರು ಅವನ ತೋಳು ಬಿಟ್ಟರು. "ಬೇರೆ ಮೇಸ್ತ್ರೀನ ಹುಡುಕ್ತೀನಿ. ಸಿಗೋವರ್ಗೆ ಇಬ್ರೂ ಇರಿ," ಎಂದು ಹೊರಟುಹೋದರು.

"ತಪ್ಪಾಯ್ತು ಕಣಮ್ಮ," ಎಂದ ಮೇಸ್ತ್ರಿ.

ಅವಳು ಏಪ್ರನ್ನನ್ನು ಮತ್ತೆ ಬಿಗಿದುಕೊಂಡಳು. "ಹಿಟ್ಟು ಉಬ್ಬಿ ನಿಂತಿದೆ, ಮೇಸ್ತ್ರಿ."

ಹೊಸ ಟ್ರೇಗಳು ಒಲೆಗೆ ಹೋದವು. ಅಭ್ಯಾಸಬಲದಿಂದ ಎಲ್ಲರೂ ಮೇಸ್ತ್ರಿಯ ಕಡೆಗೇ ನೋಡುತ್ತಿದ್ದರು. ಅವನು ಅವಳ ಪಕ್ಕಕ್ಕೆ ಹೋಗಿ ನಿಂತು, ಎಲ್ಲರಿಗೂ ಕೇಳುವ ಹಾಗೆ ಕೇಳಿದ.

"ಬೆಂದಿದ್ಯೇನಮ್ಮ?"

"ಇನ್ನೂ ಸ್ವಲ್ಪ."

ಕಾದ. ಮತ್ತೆ ಕೇಳಿದ. ಅವಳು ಹೂಂ ಎಂದಳು. ಮೇಸ್ತ್ರಿ ಒಲೆಯ ಬಾಗಿಲು ತೆರೆದು, ಬಗ್ಗಿ, ಎದೆ ತುಂಬ ಉಸಿರೆಳೆದುಕೊಂಡ. ಬಿಸಿ ಮಾತ್ರ ಬಂತು.